ಸರ್ವರ್‌ನ ಪ್ರೊಸೆಸರ್ ಬದಲಿಸುವಾಗ ಸಾಕೆಟ್ ಜೋಪಾನ

ಗಟ್ಟಿಮುಟ್ಟಾಗಿರುವ ಹಳೆಯ ರ‍್ಯಾಕ್ ಸರ್ವರ್ ನಿಧಾನವಾಯಿತೆಂದು ಅದನ್ನು ಮೂಲೆಗೆ ತಳ್ಳಬೇಕಾಗಿಲ್ಲ. ಡೆಲ್ ಪವರ್‌ಎಡ್ಜ್ ಆರ್730 ಸರ್ವರನ್ನೇ ನೋಡಿ. 2014ರ ಇಂಟೆಲ್ ಕ್ಸಿಯಾನ್ ಇ5-2600 ವಿ3 ಸರಣಿಯ ಪ್ರೊಸೆಸರ್‌ಗಳು ಕೂರುವ ಸಾಕೆಟ್‌ನಲ್ಲಿಯೇ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಗೂಡು) 2016ರ ವಿ4 ಸರಣಿಯವೂ ಕೂರುತ್ತವೆ. 6 ಕೋರ್‌ಗಳ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳು) ಎರಡು ಇ5-2620 ವಿ3 ತೆಗೆದು 14 ಕೋರ್‌ಗಳ ಎರಡು ಇ5-2680 ವಿ4 ಹಾಕಿದರೆ ಒಟ್ಟು ಕೋರ್‌ಗಳು 12ರಿಂದ 28ಕ್ಕೆ ಏರುತ್ತವೆ.

ಬಯೋಸ್‌ನ (ಸರ್ವರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು. ಹಳೆಯ ಬಯೋಸ್‌ಗೆ ವಿ4 ಗುರುತೇ ಸಿಗುವುದಿಲ್ಲ. ಎರಡೂ ಸಾಕೆಟ್‌ಗಳಿಗೆ ಒಂದೇ ಮಾದರಿಯ ಪ್ರೊಸೆಸರ್ ಬೇಕು. ವಿದ್ಯುತ್ ಮತ್ತು ಶಾಖದ ಮಿತಿ 85 ವಾಟ್‌ನಿಂದ 120 ವಾಟ್‌ಗೆ ಏರುವುದರಿಂದ ಈಗಿರುವ ಹೀಟ್ ಸಿಂಕ್ (ಪ್ರೊಸೆಸರ್‌ನ ಶಾಖ ಹೀರುವ ಲೋಹದ ಭಾಗ) ಸಾಕೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ವಿಂಡೋಸ್ ಸರ್ವರ್ 2016ರಿಂದೀಚೆಗೆ ಲೈಸೆನ್ಸನ್ನು ಕೋರ್ ಲೆಕ್ಕದಲ್ಲಿ ಕೊಡಲಾಗುತ್ತದೆ. ಈ ಖರ್ಚನ್ನು ಮರೆತು ಪ್ರೊಸೆಸರ್ ಕೊಳ್ಳಬೇಡಿ.

ಬ್ಯಾಕಪ್ ಪರೀಕ್ಷಿಸಿ, ಸರ್ವರನ್ನು ಕ್ರಮಬದ್ಧವಾಗಿ ಆಫ್ ಮಾಡಿ, ಎರಡೂ ಪವರ್ ಕೇಬಲ್‌ಗಳನ್ನು ಕಿತ್ತು, ಒಳಗುಳಿದ ವಿದ್ಯುತ್ ಇಳಿಯಲೆಂದು ಪವರ್ ಬಟನ್ ಒಮ್ಮೆ ಒತ್ತಿ. ರ‍್ಯಾಕ್‌ನಿಂದ ಇಳಿಸಲು ಇಬ್ಬರು ಬೇಕು. ಮಣಿಕಟ್ಟಿಗೆ ಆ್ಯಂಟಿ ಸ್ಟ್ಯಾಟಿಕ್ ಪಟ್ಟಿ ಕಟ್ಟಿ ಅದರ ಕ್ಲಿಪ್ಪನ್ನು ಸರ್ವರ್‌ನ ಲೋಹದ ಚೌಕಟ್ಟಿಗೆ ಸಿಕ್ಕಿಸಿ. ಹೀಟ್ ಸಿಂಕ್‌ನ ಒಂದು ಸ್ಕ್ರೂ ಸಡಿಲಿಸಿ ಸುಮಾರು 30 ಸೆಕೆಂಡ್ ಕಾದು, ಬಳಿಕ ಅದರ ಓರೆ ಎದುರಿನದಕ್ಕೆ ಹೋಗಿ. ಪ್ರೊಸೆಸರ್‌ನಿಂದ ಸಿಂಕ್‌ಗೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿ ಹಿಡಿದುಕೊಂಡಿದ್ದರೆ ಸಿಂಕನ್ನು ಜಗ್ಗಬೇಡಿ, ಮೆಲ್ಲಗೆ ಅತ್ತಿತ್ತ ತಿರುಗಿಸಿದರೆ ಬಿಡುತ್ತದೆ.

ಇಲ್ಲಿಂದ ಮುಂದೆ ಅವಸರ ಸಲ್ಲದು. ಈ ಬಗೆಯ ಪ್ರೊಸೆಸರ್‌ನ ತಳದಲ್ಲಿ ಪಿನ್‌ಗಳಿರುವುದಿಲ್ಲ. ಕೂದಲೆಳೆಯಂತಹ 2011 ಪಿನ್‌ಗಳೂ ಬೋರ್ಡ್‌ನ ಸಾಕೆಟ್‌ನಲ್ಲಿಯೇ ಇರುತ್ತವೆ. ಬೆರಳು ಸೋಕಿದರೂ, ಬಟ್ಟೆಯ ನೂಲು ಸಿಕ್ಕಿದರೂ ಬಾಗುತ್ತವೆ, ಬಾಗಿದರೆ ಇಡೀ ಬೋರ್ಡನ್ನೇ ಬದಲಿಸುವ ಪ್ರಸಂಗ ಬರಬಹುದು. ಎರಡು ಲಿವರ್‌ಗಳನ್ನು ಗುರುತು ನೋಡಿ ಕ್ರಮವಾಗಿ ಬಿಡಿಸಿ, ಹಳೆಯ ಪ್ರೊಸೆಸರನ್ನು ಅಂಚು ಹಿಡಿದು ನೇರವಾಗಿ ಮೇಲಕ್ಕೆತ್ತಿ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಪಿನ್‌ಗಳೆಲ್ಲ ನಾಟಿ ಗದ್ದೆಯ ಸಾಲಿನಂತೆ ಒಂದೇ ಸಮ ಹೊಳೆಯಬೇಕು. ಸಾಲು ತಪ್ಪಿದ ಪಿನ್ ತಕ್ಷಣ ಕಣ್ಣಿಗೆ ಬೀಳುತ್ತದೆ. ಹೊಸದರ ಮೂಲೆಯ ತ್ರಿಕೋನವನ್ನೂ ಅಂಚಿನ ಕಚ್ಚುಗಳನ್ನೂ ಸಾಕೆಟ್‌ಗೆ ಹೊಂದಿಸಿ, ತನ್ನ ಭಾರದಿಂದಲೇ ಕೂರುವಂತೆ ಇಳಿಸಿ. ಒತ್ತಬಾರದು, ಜಾರಿಸಬಾರದು.

ಲಿವರ್‌ಗಳನ್ನು ತೆರೆದದ್ದಕ್ಕೆ ವಿರುದ್ಧ ಕ್ರಮದಲ್ಲಿ ಮುಚ್ಚಿ. ಹಳೆಯ ಪೇಸ್ಟನ್ನು ನೂಲು ಬಿಡದ ಬಟ್ಟೆ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಿ, ಸ್ಕ್ರೂಗಳನ್ನು ಓರೆ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಗಾಳಿ ಹಾಯುವ ದಾರಿಯನ್ನು ತೀರ್ಮಾನಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ಮರಳಿ ಕೂರಿಸದೆ ಸರ್ವರನ್ನು ಆನ್ ಮಾಡಬೇಡಿ.

ಮೊದಲ ಸಲ ಆನ್ ಮಾಡಿದಾಗ ಪ್ರೊಸೆಸರ್‌ನ ಹೆಸರು ಬಂದರಷ್ಟೇ ಸಾಲದು, ಮೆಮೊರಿಯ ಮೊತ್ತವನ್ನೂ ಎಣಿಸಿ. ಮೆಮೊರಿಯ ನಿಯಂತ್ರಣ ಪ್ರೊಸೆಸರ್‌ನೊಳಗೇ ಇರುವುದರಿಂದ ಬಾಗಿದ ಪಿನ್ ಮೆಮೊರಿಯ ಸಂಪರ್ಕವನ್ನೂ ತಪ್ಪಿಸಬಹುದು. ಹಾಗಾಗಿ ನಿನ್ನೆಯವರೆಗೆ ಕಾಣುತ್ತಿದ್ದ ಒಂದು ರ‍್ಯಾಮ್ ಪಟ್ಟಿ ಇಂದು ಕಾಣದಿದ್ದರೆ, ಆ ಪಟ್ಟಿಯನ್ನು ದೂರುವ ಮೊದಲು ಸರ್ವರ್ ಆಫ್ ಮಾಡಿ, ಕೇಬಲ್ ಕಿತ್ತು, ಸಾಕೆಟ್ಟನ್ನು ಟಾರ್ಚ್ ಹಿಡಿದು ಮತ್ತೊಮ್ಮೆ ನೋಡಿ.