ಹೊಂಡದ ನೀರು ಹಸಿರಾಗುತ್ತಿದೆಯಾ? ಏರೇಟರ್ ರಾತ್ರಿ ಓಡಿಸಿ
ಮಂಡ್ಯ ಕಡೆ ಕೃಷಿ ಹೊಂಡದಲ್ಲಿ ಮೀನು ಸಾಕುವವರು ಏರೇಟರನ್ನು (ನೀರಿಗೆ ಗಾಳಿ ಊದುವ ಯಂತ್ರ) ಹಗಲಿನ ಬದಲು ನಡುರಾತ್ರಿಯಿಂದ ಸೂರ್ಯ ಹುಟ್ಟುವವರೆಗೆ ಓಡಿಸಿ ನೋಡಿ. ನೀರಲ್ಲಿ ಆಮ್ಲಜನಕ ತೀರಾ ಕಮ್ಮಿಯಾಗುವುದು ಬೆಳಗಿನ ಜಾವವೇ. ಆಮ್ಲಜನಕ ಇರುವಷ್ಟು ಹೊತ್ತು ತಳದ ಕೆಸರಿನಲ್ಲಿರುವ ಕಬ್ಬಿಣವು ರಂಜಕವನ್ನು (ಫಾಸ್ಫರಸ್) ಹಿಡಿದಿಟ್ಟುಕೊಂಡಿರುತ್ತದೆ. ಆಮ್ಲಜನಕ ಮುಗಿದರೆ ಕಬ್ಬಿಣ ಕರಗುತ್ತದೆ, ರಂಜಕ ನೀರಿಗೆ ಬರುತ್ತದೆ. ಪಾಚಿಗೆ ಅದೇ ಗೊಬ್ಬರ ಅಲ್ವಾ? ಗಾಳಿ ತಳದ ಹತ್ತಿರ ತಲುಪಬೇಕು, ಆದರೆ ಪೈಪಿನ ತುದಿ ಕೆಸರಿಗಿಂತ ಒಂದಡಿ ಮೇಲಿರಲಿ. ಕೆಸರು ಕದಡಿದರೆ ಮಾಡಿದ್ದೆಲ್ಲ ಹಾಳು. ಗದ್ದೆಯ ಗೊಬ್ಬರದ ನೀರು, ಕೊಟ್ಟಿಗೆಯ ಸಗಣಿ ನೀರು ಒಳಗೆ ಹರಿಯುತ್ತಲೇ ಇದ್ದರೆ ಇದು ಕೆಲಸ ಮಾಡುವುದಿಲ್ಲ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬರುತ್ತಿದ್ದರಂತೂ ಪಾಚಿ ತಡೆಯೋಕೆ ಇದೊಂದೇ ಸಾಲದು; ಬೇಸಿಗೆಯಲ್ಲಿ ನೀರು ತಗ್ಗಿದಾಗ ಹೂಳು ತೆಗೆಸಿ.