ಆನ್‌ಲೈನ್ ಕುರ್‌ಆನ್ ತರಗತಿಯಲ್ಲಿ ಗುನ್ನಾ ಕೇಳಿಸದಿದ್ದಾಗ: ನನ್ನ ಅನುಭವ

ಝೂಮ್‌ನಲ್ಲಿ ತಜ್ವೀದ್, ಅಂದರೆ ಕುರ್‌ಆನನ್ನು ಸರಿಯಾದ ಉಚ್ಚಾರಣೆಯಲ್ಲಿ ಓದುವ ಪಾಠ. ಮಗು ‘ಇನ್ನ’ ಪದದ ನೂನನ್ನು (ಅರಬ್ಬಿಯ ‘ನ’) ಗುನ್ನಾದೊಂದಿಗೆ, ಅಂದರೆ ಮೂಗಿನ ನಾದದೊಂದಿಗೆ, ಎರಡು ಹರಕತ್ (ಎಳೆಯುವ ಅವಧಿಯ ಅಳತೆ) ಸರಿಯಾಗಿ ಎಳೆದರೂ ಈ ಕಡೆ ಅರ್ಧಕ್ಕೇ ಕತ್ತರಿಸಿ ಬರುತ್ತಿತ್ತು. ಅರಬ್ಬಿಯ ಸಾ, ಸೀನ್, ಸ್ವಾದ್ ಅಕ್ಷರಗಳು ಮೂರೂ ಒಂದೇ ‘ಸ’ದಂತೆ ಕೇಳುತ್ತಿದ್ದವು. ತಪ್ಪು ಮಗುವಿನದಲ್ಲ, ನೆಟ್‌ವರ್ಕಿನದೂ ಅಲ್ಲ.

ಝೂಮ್‌ನ ಗದ್ದಲ ತಗ್ಗಿಸುವ ವ್ಯವಸ್ಥೆ ಏರಿಳಿತವಿಲ್ಲದ ನಾದವನ್ನು ಫ್ಯಾನಿನ ಸದ್ದಿನಂತೆ ಎಣಿಸುತ್ತದೆ. ಗುನ್ನಾ ಅಂಥದ್ದೇ ನಾದ. ಸೆಟ್ಟಿಂಗ್ಸ್‌ನ ಆಡಿಯೋದಲ್ಲಿ ‘ಒರಿಜಿನಲ್ ಸೌಂಡ್’ (ದನಿಯನ್ನು ಹಾಗೆಯೇ ಕಳಿಸುವ ಆಯ್ಕೆ) ಆನ್ ಮಾಡಿ, ಮೀಟಿಂಗ್ ಒಳಗೂ ಅದು ಆನ್ ಇದೆಯೇ ನೋಡಬೇಕು. ಇದನ್ನು ಮಾಡಬೇಕಾದದ್ದು ಓದುವ ಮಗುವಿನ ಫೋನಿನಲ್ಲಿ. ಕಲಿಸುವ ಉಸ್ತಾದರ ಫೋನಿನಲ್ಲಷ್ಟೇ ಮಾಡಿದರೆ ಮಗುವಿನ ದನಿ ಬದಲಾಗದು. ಪ್ರತಿಧ್ವನಿ ಬಂದರೆ ವೈರ್ ಇರುವ ಇಯರ್‌ಫೋನ್ ಹಾಕಿಸಿ.

ಬ್ಲೂಟೂತ್ ಬೇಡವೇ ಬೇಡ. ಅದರ ಮೈಕ್ ಕರೆಯ ಮೋಡ್‌ಗೆ ಬಿದ್ದರೆ ಹಲವು ಸೆಟ್‌ಗಳಲ್ಲಿ 8 ಸಾವಿರ ಹರ್ಟ್ಸ್ ಸ್ಯಾಂಪ್ಲಿಂಗ್ (ದನಿಯನ್ನು ಸೆಕೆಂಡಿಗೆ 8 ಸಾವಿರ ಸಲ ಅಳೆಯುವುದು) ಮಾತ್ರ, ಅಂದರೆ 4 ಸಾವಿರ ಹರ್ಟ್ಸ್ ಮೇಲಿನ ತೀಕ್ಷ್ಣ ಸದ್ದು ಹೋಯಿತು. ಸೀನ್‌ನ ಸೀಟಿಯಂಥ ಸದ್ದು ಹೆಚ್ಚಾಗಿ ಇರುವುದು ಅಲ್ಲೇ.

ಸಾಮೂಹಿಕ ಪಠಣ ಬಿಡಿ. ದನಿ ತಲುಪುವ ವಿಳಂಬದಿಂದ ತಾಳ ಕೂಡುವುದಿಲ್ಲ. ಎಲ್ಲರನ್ನೂ ಮ್ಯೂಟ್ ಮಾಡಿ, ಒಬ್ಬೊಬ್ಬರಿಂದ ಒಂದೊಂದು ಆಯತ್ (ಕುರ್‌ಆನ್ ವಚನ) ಓದಿಸಿ. ಮುಖಕ್ಕೆ ಎದುರಿನಿಂದ ಬೆಳಕಿರಲಿ: ‘ಸಾ’ಗೆ ನಾಲಿಗೆಯ ತುದಿ ಹಲ್ಲಿನಂಚಿಗೆ ಬರುವುದು ಕಣ್ಣಿಗೇ ಕಾಣುತ್ತದೆ.

ಮನೆಪಾಠಕ್ಕೆ ವಾಟ್ಸ್ಆ್ಯಪ್ ವಾಯ್ಸ್ ನೋಟ್. ಕುರ್‌ಆನ್‌ನ ಮೊದಲ ಅಧ್ಯಾಯ ಫಾತಿಹಾದ 7 ಆಯತ್‌ಗೆ 7 ನೋಟ್ ಕಳಿಸಲಿ. ತಪ್ಪಿದ ನೋಟಿಗೇ ರಿಪ್ಲೈಯಾಗಿ ಸರಿಯಾದ ಓದು ಹೇಳಿ ಕಳಿಸಬಹುದು.