ಎಪ್ಪತ್ತೋ, ಎಂಬತ್ತೋ? ಕಿವುಡ ಗ್ರಾಹಕರೊಡನೆ ವ್ಯವಹರಿಸಲು ಕೌಂಟರ್ ಸಿಬ್ಬಂದಿಗೆ ಅರ್ಧ ದಿನದ ತರಬೇತಿ

ಕನ್ನಡಿ ಮುಂದೆ ನಿಂತು ದನಿ ಹೊರಡಿಸದೆ ‘ಎಪ್ಪತ್ತು’ ಎನ್ನಿ, ಆಮೇಲೆ ‘ಎಂಬತ್ತು’ ಎನ್ನಿ. ತುಟಿ ಎರಡಕ್ಕೂ ಒಂದೇ ಥರ ಮುಚ್ಚಿ ತೆರೆಯುತ್ತದೆ. ಪ, ಬ, ಮ ಮೂರೂ ಕಣ್ಣಿಗೆ ಒಂದೇ. ಮಂಡ್ಯದ ಸೊಸೈಟಿ ಕೌಂಟರಿನಲ್ಲಿ ನೀವು ಹೇಳುವ ಕಬ್ಬಿನ ‘ಬಿಲ್’ ಎದುರಿಗೆ ನಿಂತು ತುಟಿ ನೋಡಿ ಮಾತು ತಿಳಿಯುವ ಕಿವುಡ ರೈತರಿಗೆ ‘ಮಿಲ್’ ಎಂದೂ ಕಾಣಬಹುದು. ತರಬೇತಿಯನ್ನು ಈ ಕನ್ನಡಿಯಿಂದಲೇ ಶುರು ಮಾಡಿ. ಭಾಷಣಕ್ಕಿಂತ ಬೇಗ ನಾಟುತ್ತದೆ.

ಕಲಿಸುವವರು ಕಿವುಡರೇ ಆಗಿರಲಿ, ಜೊತೆಗೆ ಇಬ್ಬರು ಸನ್ನೆ ಭಾಷೆಯ ಇಂಟರ್‌ಪ್ರಿಟರ್‌ಗಳಿರಲಿ. ಒಬ್ಬರೇ ಸಾಕೆಂದು ಕಾಸು ಉಳಿಸಲು ಹೋದರೆ 20–30 ನಿಮಿಷಕ್ಕೇ ಅವರು ದಣಿದು, ಅನುವಾದ ತಪ್ಪತೊಡಗುತ್ತದೆ. ಸರದಿಯ ಮೇಲೆ ಮಾಡಬೇಕು. ಯಾರನ್ನು ಕರೆಯುವುದೆಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ ನೋಡಬಹುದು.

ತಂಡಕ್ಕೆ 12 ಜನ ಸಾಕು. ಕುರ್ಚಿಗಳನ್ನು ಲಾಳದ ಆಕಾರದಲ್ಲಿ ಹಾಕಿ. ಸಾಲಾಗಿ ಹಾಕಿದರೆ ಒಬ್ಬರ ಕೈ ಇನ್ನೊಬ್ಬರಿಗೆ ಕಾಣದು. ಮಾತಾಡುವವರ ಬೆನ್ನಿಗೆ ಕಿಟಕಿ ಬೇಡ, ಮುಖ ಕಪ್ಪಾಗುತ್ತದೆ. (ಕೌಂಟರಿನ ಗಾಜಿನದೂ ಇಂಥದೇ ರೋಗ: ಹೊರಗಿನ ಬಿಸಿಲು ಹೊಳೆದು ಒಳಗಿನ ಮುಖವೇ ಕಾಣುವುದಿಲ್ಲ.)

ಮುಂದಿನ ಒಂದು ಗಂಟೆ ಕೈಗೆ ಕೆಲಸ. ಭಾರತೀಯ ಸನ್ನೆ ಭಾಷೆಯ ಅಂಕಿಗಳು, ಜೊತೆಗೆ ಹಣ, ಸಹಿ, ನಾಳೆ, ಕಾಯಿರಿ, ಅರ್ಥವಾಯಿತೇ ಇಂಥವು. 15 ಪದ ದಾಟಬೇಡಿ. ಹುಬ್ಬಿಗೂ ಪಾಠವಿದೆ. ಹೌದು-ಇಲ್ಲ ಎಂದು ಉತ್ತರಿಸುವ ಪ್ರಶ್ನೆಗೆ ಹುಬ್ಬು ಏರಬೇಕು. ಮುಖ ಬಿಗಿದುಕೊಂಡು ಕೈ ಮಾತ್ರ ಆಡಿಸಿದರೆ ‘ಸಹಿ ಹಾಕಿದ್ದೀರಾ?’ ಎಂಬುದು ‘ಸಹಿ ಹಾಕಿದ್ದೀರಿ’ ಎಂದಾಗುತ್ತದೆ. ಮರೆತ ಪದಗಳಿಗೆ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟಿದೆ. ಅದರಲ್ಲಿ 2021ರಲ್ಲೇ 10,000 ಪದಗಳಿದ್ದವು.

ಕಿವಿಗೆ ಹತ್ತಿ ತುರುಕಿಕೊಂಡು ‘ಅನುಭವಿಸುವ’ ಆಟ ಬೇಡವೇ ಬೇಡ. ಅದರಿಂದ ‘ಅಯ್ಯೋ ಪಾಪ’ ಅನ್ನುವುದೊಂದು ಬರುತ್ತದೆ, ಕೆಲಸ ಬರುವುದಿಲ್ಲ.

ಕೊನೆಯ ಗಂಟೆ ನಿಜವಾದ ಕೌಂಟರಿನಲ್ಲೇ ನಡೆಯಲಿ, ಕಿವುಡ ತರಬೇತುದಾರರೇ ಗ್ರಾಹಕರಾಗಿ ಬರಲಿ. ಕೂಗಿ ಹೇಳಬೇಡಿ, ತುಟಿಯ ಆಕಾರವೇ ಕೆಡುತ್ತದೆ. ಇಂಟರ್‌ಪ್ರಿಟರ್ ಕಡೆ ತಿರುಗಿ ‘ಪಾಸ್‌ಬುಕ್ ಕೊಡೋಕೆ ಹೇಳಿ’ ಎನ್ನದೆ, ಗ್ರಾಹಕರ ಮುಖ ನೋಡಿಯೇ ‘ಪಾಸ್‌ಬುಕ್ ಕೊಡಿ’ ಎನ್ನಬೇಕು. ಮೊತ್ತವನ್ನು ಅಂಕಿಯಲ್ಲಿ ಬರೆದು ತೋರಿಸಿ. ಆದರೆ ಪುಟಗಟ್ಟಲೆ ಬರೆದುಕೊಟ್ಟು ಕೈತೊಳೆದುಕೊಳ್ಳಬೇಡಿ. ಸನ್ನೆಯಲ್ಲೇ ಬೆಳೆದ ಅನೇಕರಿಗೆ ಬರಹದ ಕನ್ನಡ ಎರಡನೇ ಭಾಷೆ. ಇನ್ನು ಟೋಕನ್ ಕೂಗುವ ಜಾಗದಲ್ಲಿ ಪರದೆ ಹಾಕಿಸಲು ಮಂಜೂರಾತಿ ಕಾಯಬೇಕಾದರೆ, ಅಲ್ಲಿಯವರೆಗೆ ನಂಬರ್ ಬರೆದ ಸ್ಲೇಟು ಎತ್ತಿ ಹಿಡಿಯಿರಿ.